ನೀರಿಗೆ ಗೊತ್ತಾಗುತ್ತೆ

ಬಿಸಿಲು ಜಾಸ್ತಿಯಾಯ್ತು, ಕುಡಿಯುವ ನೀರಿಗೊಂದು ಮಡಕೆ ತರೋಣ ಅಂತ ಮೊನ್ನೆ ಬೆಂಗಳೂರಿನ ಕುಂಬಾರರ ಓಣಿ ಪಾಟರಿ ಟೌನ್‌ಗೆ ಹೋಗಿದ್ದೆ. ನನಗಿಂತ ಮುಂಚೆ ಬಂದಿದ್ದ ಒಬ್ಬರು ನಲ್ಲಿ ಇಟ್ಟ ದೊಡ್ಡ ಮಡಕೆ ಆರಿಸಿ, ದುಡ್ಡನ್ನೂ ಕೈಯಲ್ಲಿ ಹಿಡಿದಿದ್ದರು. ಮಡಕೆ ಮಾಡುವ ಕುಂಬಾರ ತಾತ ಅದನ್ನೆತ್ತಿ ಬೆರಳ ಗೆಣ್ಣಿನಿಂದ ತಟ್ಟಿದರು. ಠಣ್ ಅನ್ನಬೇಕಿತ್ತು, ದಬ್ ಅಂತು.

"ಇದು ಬೇಡಮ್ಮ, ಬೇರೆ ಕೊಡ್ತೀನಿ."

"ಸಣ್ಣ ಗೀರು ತಾತ. ಬಣ್ಣ ಹಚ್ಚಿದ್ರೆ ಯಾರಿಗೆ ಕಾಣುತ್ತೆ? ಐವತ್ತು ರೂಪಾಯಿ ಬಿಟ್ಟು ಇದನ್ನೇ ಕೊಡಿ."

"ನಿಮಗೆ ಕಾಣಲ್ಲ. ನೀರಿಗೆ ಗೊತ್ತಾಗುತ್ತೆ."

ಅಷ್ಟು ಹೇಳಿ ಮಡಕೆಯನ್ನು ಹಿಂದಕ್ಕಿಟ್ಟರು. ಆಕೆ ಕೆಟ್ಟವರೇನಲ್ಲ. ಆದರೆ ಬಿರುಕಿನ ನೆಪದಲ್ಲೂ ಬೆಲೆ ಇಳಿಸುವುದು ನನಗೆ ಸರಿ ಕಾಣಲಿಲ್ಲ. ಮಾರಿ ಕೈ ತೊಳೆದುಕೊಳ್ಳುವುದು ತಾತನಿಗೆ ಎಷ್ಟು ಸುಲಭವಿತ್ತು, ಅಲ್ವಾ? ನೀರಿಗೆ ಗೊತ್ತಾಗುತ್ತೆ. ವಾರವೆಲ್ಲ ಇದೇ ಮಾತು ತಲೆಯಲ್ಲಿ.

ಆಮೇಲೆ ಅವರು ಅರ್ಧಕ್ಕೆ ಬಿಟ್ಟಿದ್ದ ಕೆಲಸಕ್ಕೆ ಕೂತರು. ಸೊಂಟದೆತ್ತರದ ಮಣ್ಣಿನ ಕುದುರೆ. ಬಾಗಿಸಿದ ತಂತಿಯಿಂದ ಅದರ ಹೊಟ್ಟೆಯೊಳಗಿನ ಮಣ್ಣು ಕೆರೆಯುತ್ತಿದ್ದರು. ಮೈ ದಪ್ಪವಿದ್ದರೆ ಒಳಗಿನ ತೇವ ಆರುವುದಿಲ್ಲ. ಸುಡುವಾಗ ಅದೇ ಹಬೆಯಾಗಿ ಗೊಂಬೆಯನ್ನು ಸಿಡಿಸಿಬಿಡುತ್ತದೆ. ಹೆಬ್ಬೆರಳು ಒಳಗೆ, ತೋರುಬೆರಳು ಹೊರಗೆ ಇಟ್ಟು ದಪ್ಪ ಒಂದೇ ಸಮ ಇದೆಯಾ ಅಂತ ಇಂಚಿಂಚೂ ಮುಟ್ಟಿ ನೋಡುತ್ತಿದ್ದರು. ಕೊಳ್ಳುವವರು ಯಾರೂ ಬಗ್ಗಿ ನೋಡದ ಜಾಗ ಅದು.

ಹಬ್ಬದ ಗಣೇಶನನ್ನು ಮಾತ್ರ ಸುಡುವುದಿಲ್ಲ. ಸುಟ್ಟ ಮಣ್ಣು ಮತ್ತೆ ನೀರಲ್ಲಿ ಕರಗುವುದಿಲ್ಲವಲ್ಲ. ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಬೇಡ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲೇ ಹೇಳಿದೆ. ಆದರೂ ಹಗುರ, ಅಗ್ಗ ಅಂತ ಅದನ್ನೇ ಹುಡುಕಿಕೊಂಡು ಹೋಗುವವರು ನಮ್ಮಲ್ಲಿ ಇದ್ದಾರೆ.

ಇನ್ನು ಮಣ್ಣಿನ ಮಾತು. ಬೇಸಿಗೆಯಲ್ಲಿ ಕೆರೆಯ ಜೇಡಿ ತೆಗೆದರೆ ಕುಂಬಾರರಿಗೆ ಮಣ್ಣು, ಕೆರೆಗೆ ಆಳ. ಎಂಥಾ ಒಳ್ಳೆ ಲೆಕ್ಕ ಅದು! ನಾವು ಧರ್ಮಾಂಬುಧಿ ಕೆರೆಯನ್ನು ಮೆಜೆಸ್ಟಿಕ್ ಬಸ್ ನಿಲ್ದಾಣ ಮಾಡಿದೆವು, ಸಂಪಂಗಿ ಕೆರೆಯನ್ನು ಕಂಠೀರವ ಕ್ರೀಡಾಂಗಣ ಮಾಡಿದೆವು. ಈಗ ತಾತನಿಗೆ ಮಣ್ಣು ಊರಾಚೆಯಿಂದ ಲಾರಿಯಲ್ಲಿ ಬರಬೇಕು. ಲಾರಿಯವರು ಹೇಳಿದ್ದೇ ರೇಟು. ಅಲ್ಲಿ ಚೌಕಾಸಿ ನಡೆಯುವುದಿಲ್ಲ, ಇಲ್ಲಿ ಬಂದು ಐವತ್ತು ರೂಪಾಯಿಗೆ ನಿಲ್ಲುತ್ತೇವೆ.

ಗುಲಾಬಿ ಮಾರ್ಗದ ಮೆಟ್ರೋ ನಿಲ್ದಾಣವೊಂದಕ್ಕೆ ಪಾಟರಿ ಟೌನ್ ಅಂತಲೇ ಹೆಸರಿದೆ. ಸಂತೋಷ. ಆದರೆ ಬರೀ ಬೋರ್ಡು ಸಾಲದು. ನಿಲ್ದಾಣದೊಳಗೆ ಈ ಓಣಿಯ ಕುಂಬಾರರಿಗೆ ಕಡಿಮೆ ಬಾಡಿಗೆಗೆ ಮಳಿಗೆ ಕೊಡಬೇಕು. ಯಾವುದಾದರೂ ಕೆರೆಯ ಹೂಳು ಎತ್ತುವಾಗ ಅದರ ಜೇಡಿಮಣ್ಣು ಮೊದಲು ಇವರಿಗೆ ಸಿಗಬೇಕು. ನಮ್ಮ ವಾರ್ಡಿನ ಕೆರೆ ಸಮಿತಿಯವರ ಹತ್ತಿರ ಈ ಭಾನುವಾರವೇ ಇದನ್ನು ಕೇಳುತ್ತೇನೆ.