ಹೆಸರು ಲವಂಗದ್ದು, ಉಳಿದದ್ದು ಹೂವಿಗೆ

ಕಾರ್ನೇಷನ್ ಹೂವಿನ ವೈಜ್ಞಾನಿಕ ಹೆಸರು ಡಯಾಂಥಸ್ ಕ್ಯಾರಿಯೊಫಿಲಸ್. ಲವಂಗಕ್ಕೆ ಮೊದಲು ಇದ್ದ ಹೆಸರು ಕ್ಯಾರಿಯೊಫಿಲಸ್ ಅರೊಮ್ಯಾಟಿಕಸ್. ಎರಡನ್ನೂ ಇಟ್ಟವರು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್, ಅದೂ 1753ರ ಒಂದೇ ಗ್ರಂಥದಲ್ಲಿ. ಇದನ್ನು ನೋಡಿ ಇವೆರಡೂ ದಾಯಾದಿಗಳೇ ಇರಬೇಕು ಅಂದುಕೊಂಡಿದ್ದೆ. ಊಹೆ ಪೂರ್ತಿ ತಪ್ಪು. ಲವಂಗ ಸೀಬೆ, ನೀಲಗಿರಿ ಮರಗಳ ಕುಟುಂಬಕ್ಕೆ ಸೇರಿದ್ದು, ನೇರಳೆಯಂತೂ ಅದರ ಸ್ವಂತ ಕುಲದ್ದೇ. ಕಾರ್ನೇಷನ್‌ಗೆ ದೂರದ ನಂಟರು ಬೇಕೆಂದರೆ ಬೀಟ್‌ರೂಟ್, ಪಾಲಕ್, ಪಾಪಾಸುಕಳ್ಳಿ ಕಡೆ ಹೋಗಬೇಕು!

ನಂಟು ಇರುವುದು ಬರೀ ವಾಸನೆಯಲ್ಲಿ. ಲವಂಗದ ಘಾಟಿಗೆ ಕಾರಣ ಯೂಜಿನಾಲ್ ಎಂಬ ಎಣ್ಣೆಯಂಥ ವಸ್ತು. ಪರಿಮಳವಿರುವ ಕಾರ್ನೇಷನ್‌ನಲ್ಲೂ ಅದೇ ಇದೆ. ಲವಂಗದ ಮರವನ್ನು ಯುರೋಪಿನವರು ಬಹುಕಾಲ ಕಂಡವರಲ್ಲ, ಅದು ಬೆಳೆಯುತ್ತಿದ್ದದ್ದು ದೂರದ, ಈಗಿನ ಇಂಡೋನೇಷ್ಯಾದ ಮಲುಕು ದ್ವೀಪಗಳಲ್ಲಿ. ಆದರೆ ಒಣ ಲವಂಗದ ವಾಸನೆ ಅವರಿಗೆ ಚೆನ್ನಾಗಿ ಗೊತ್ತಿತ್ತು, ತೋಟದ ಹೂವು ಮೂಸಿದಾಗ ಅದೇ ನೆನಪಾಯಿತು, ಹೆಸರು ಅಂಟಿಕೊಂಡಿತು.

ಕ್ಯಾರಿಯೊಫಿಲಸ್ ಎಂಬ ಆ ಹೆಸರನ್ನು ಗ್ರೀಕಿನಲ್ಲಿ ಬಿಡಿಸಿದರೆ ಕಾಯಿ, ಎಲೆ ಅಂತ ಅರ್ಥ ಬರುತ್ತದೆ. ಲವಂಗ ಎರಡೂ ಅಲ್ಲ, ಅದು ಮೊಗ್ಗು. ನಂಬಿಕೆ ಬರದಿದ್ದರೆ ತಲೆ ಉದುರದ ಒಂದು ಲವಂಗವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಆ ಪುಟ್ಟ ಉಂಡೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ನೋಡಿ. ಉಂಡೆ ಅಂದರೆ ಒಂದರ ಮೇಲೊಂದು ಮುಚ್ಚಿಕೊಂಡ ಎಸಳುಗಳು. ಅವನ್ನು ಟೋಪಿ ತೆಗೆದ ಹಾಗೆ ತೆಗೆದರೆ ಒಳಗೆ ಕೇಸರಗಳು ಸುರುಳಿ ಸುತ್ತಿಕೊಂಡು ಕೂತಿರುತ್ತವೆ. ನಾನು ಮೊದಲ ಸಲ ಇದನ್ನು ನೋಡಿ ಸುಮ್ನೆ ಇನ್ನೂ ನಾಲ್ಕು ಲವಂಗ ಹಾಳು ಮಾಡಿದೆ.

ನನಗೆ ಇದಕ್ಕಿಂತ ಜಾಸ್ತಿ ಮಜಾ ಅನ್ನಿಸಿದ್ದು ಮೊಳೆಯ ಕಥೆ. ಲವಂಗ ನೋಡೋಕೆ ಮೊಳೆ ಥರ ಇದೆ ಅಲ್ವಾ, ಹಾಗಾಗಿ ಎಷ್ಟೋ ಭಾಷೆಗಳಲ್ಲಿ ಅದರ ಹೆಸರು ಮೊಳೆಯಿಂದಲೇ ಬಂದಿದೆ. ಇಂಗ್ಲಿಷಿನ ಕ್ಲೋವ್ ಕೂಡ ಮೊಳೆಗಿರುವ ಲ್ಯಾಟಿನ್ ಪದದ ಮೊಮ್ಮಗು. ಪರ್ಷಿಯನ್ನಿನಲ್ಲಿ ಮೀಖಕ್, ಅಂದರೆ ಪುಟ್ಟ ಮೊಳೆ. ರಷ್ಯನ್ನಿನಲ್ಲಿ ಗ್ವೊಜ್ದಿಕಾ, ಜರ್ಮನ್‌ನಲ್ಲಿ ನೆಲ್ಕೆ, ಅವೂ ಮೊಳೆಗಳೇ. ಈ ಮೂರೂ ಕಡೆ ಅದೇ ಪದ ಕಾರ್ನೇಷನ್‌ಗೂ ನಡೆಯುತ್ತದೆ! ಹೂವಿನ ಎಸಳು ನೆರಿಗೆ ನೆರಿಗೆಯಾಗಿ ಅರಳಿರುತ್ತದೆ, ಮೊಳೆಗೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ, ಆದರೂ ಲವಂಗದ ವಾಸನೆ ಬಂದ ತಪ್ಪಿಗೆ ಮೊಳೆ ಅಂತ ಕರೆಸಿಕೊಳ್ಳುತ್ತಿದೆ. ಪೋರ್ಚುಗೀಸ್‌ನಲ್ಲೂ ಎರಡಕ್ಕೂ ಕ್ರಾವು. ಸೈನಿಕರ ಬಂದೂಕಿನ ನಳಿಕೆಗೆ ಜನ ಕಾರ್ನೇಷನ್ ಸಿಕ್ಕಿಸಿದ 1974ರ ಏಪ್ರಿಲ್ 25ರ ಲಿಸ್ಬನ್ ಕ್ರಾಂತಿಗೆ ಅಲ್ಲಿ ಕ್ರಾವುಗಳ ಕ್ರಾಂತಿ ಅಂತಲೇ ಹೆಸರು.

ಇಷ್ಟೆಲ್ಲ ಆದಮೇಲೆ ಲವಂಗಕ್ಕೇ ಅದರ ಹೆಸರು ದಕ್ಕಲಿಲ್ಲ. ಸಸ್ಯಶಾಸ್ತ್ರಜ್ಞರು ಅದನ್ನು ಕೆಲಕಾಲ ಯುಜೀನಿಯಾ ಕುಲದಲ್ಲಿಟ್ಟರು, 1939ರಲ್ಲಿ ಮೆರಿಲ್ ಮತ್ತು ಪೆರ್ರಿ ಅದಕ್ಕೆ ಸಿಜೀಜಿಯಂ ಅರೊಮ್ಯಾಟಿಕಮ್ ಅಂತ ಹೆಸರಿಟ್ಟರು, ಈಗಲೂ ಅದೇ. ಕ್ಯಾರಿಯೊಫಿಲಸ್ ಮಾತ್ರ ಹೂವಿನ ಜೊತೆಗೇ ಉಳಿಯಿತು, ಹೂವಿನ ಇಡೀ ಕುಟುಂಬವೂ ಈಗ ಕ್ಯಾರಿಯೊಫಿಲೇಸಿ.

ಮೊನ್ನೆ ಯಾರೋ ಕೊಟ್ಟ ಹೂಗುಚ್ಛದಲ್ಲಿ ಕಾರ್ನೇಷನ್ ಇತ್ತು. ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಮೂಗು ಹತ್ತಿರ ಒಯ್ದೆ. ಮಾರಾಟಕ್ಕೆ ಬೆಳೆಯುವ ತಳಿಗಳಲ್ಲಿ ಬಣ್ಣ, ಬಾಳಿಕೆ ಮುಖ್ಯ, ಪರಿಮಳ ಹಿಂದೆ ಬಿದ್ದಿದೆ. ಹಸಿ ಸೊಪ್ಪಿನ ವಾಸನೆ ಬಂತು, ಅಷ್ಟೇ.