‘ಲಾಯ್’ ಇಲ್ಲದೆ ಬ್ಯಾಂಕಾಕ್‌ಗೆ ಇಳಿಯಬೇಡಿ

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದವರು ಗಡಿಯಾರವನ್ನು ಒಂದೂವರೆ ಗಂಟೆ ಮುಂದಿಟ್ಟರೆ ಸಾಲದು, ವಾಟ್ಸ್‌ಆ್ಯಪನ್ನೂ ಸ್ವಲ್ಪ ಮರೆಯಬೇಕು. ಥಾಯ್ಲೆಂಡ್ ಮಾತಾಡುವುದು ಲೈನ್‌ನಲ್ಲಿ. 2011ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಆ್ಯಪ್ ಥಾಯ್ ಬಾಯಲ್ಲಿ ‘ಲಾಯ್’. ಬರೆಯುವಾಗ ಕೊನೆಗೊಂದು ನಕಾರವಿದ್ದರೂ ಉಚ್ಚರಿಸುವುದಿಲ್ಲ. ‘ಮೀ ಲಾಯ್ ಮಾಯ್?’ ಎಂದು ಅಂಗಡಿಯಾಕೆ ಕೇಳಿದರೆ ‘ಲೈನ್ ಇದೆಯಾ?’ ಎಂದರ್ಥ.

ಇದನ್ನು ಬೆಂಗಳೂರಿನಲ್ಲೇ, ನಮ್ಮ ನಂಬರಿನಲ್ಲೇ ಹಾಕಿಕೊಂಡು ಹೊರಡಿ. ಖಾತೆ ತೆರೆಯಲು ಒಟಿಪಿ ಬರಬೇಕು. ಡೇಟಾ ಮಾತ್ರ ಕೊಡುವ ಇ-ಸಿಮ್‌ಗೆ ಎಸ್ಸೆಮ್ಮೆಸ್ ಬರುವುದಿಲ್ಲ. ಪಾಸ್‌ಪೋರ್ಟ್ ತೋರಿಸಿ ಕೊಳ್ಳುವ ಪ್ರವಾಸಿ ಸಿಮ್‌ನಲ್ಲಿ ಒಟಿಪಿ ಬರುತ್ತದೆ, ಆದರೆ ಊರಿಗೆ ಮರಳಿದ ಮೇಲೆ ಆ ನಂಬರು ನಿಮ್ಮದಾಗಿ ಉಳಿಯುವುದಿಲ್ಲ. ಥಾಯ್ ಮೊಬೈಲ್ ನಂಬರು ಸೊನ್ನೆಯಿಂದ ಶುರುವಾಗಿ 10 ಅಂಕಿ. +66 ಸೇರಿಸುವಾಗ ಆ ಸೊನ್ನೆ ಬಿಡಬೇಕು.

ಚತುಚಕ್‌ನ ವಾರಾಂತ್ಯದ ಸಂತೆಯಲ್ಲಿ ಎರಡು ಬಗೆಯ ಕ್ಯೂಆರ್ ಕಾಣುತ್ತವೆ. ಒಂದು ಲೈನ್‌ನಲ್ಲಿ ಅಂಗಡಿಯನ್ನು ಸೇರಿಸಿಕೊಳ್ಳಲು, ಇನ್ನೊಂದು ಪ್ರಾಂಪ್ಟ್‌ಪೇ. 2017ರಲ್ಲಿ ಬಂದ ಪ್ರಾಂಪ್ಟ್‌ಪೇ ನಮ್ಮ ಯುಪಿಐಯ ದಾಯಾದಿಯಂತಿದ್ದರೂ ಅಲ್ಲಿನ ಬ್ಯಾಂಕ್ ಖಾತೆ ಇಲ್ಲದ ನಮಗೆ ಹೆಚ್ಚಾಗಿ 20, 50, 100 ಬಾತ್ ನೋಟುಗಳೇ ಗತಿ. ಥಾಯ್ ಗಿರಾಕಿ ಮಾತ್ರ ಹಣ ಕಳಿಸಿ ಅದರ ‘ಸ್ಲಿಪ್’ ಚಿತ್ರವನ್ನು ಲೈನ್‌ಗೆ ಹಾಕುತ್ತಾನೆ. ನಕಲಿ ಸ್ಲಿಪ್‌ಗಳ ಕಾಟವೂ ಇದೆ. ಅದಕ್ಕೇ ಸ್ಲಿಪ್ಪಿನ ಮೂಲೆಯಲ್ಲಿ ಪರಿಶೀಲನೆಗೊಂದು ಪುಟ್ಟ ಕ್ಯೂಆರ್.

ಬ್ಯಾಂಕಾಕ್‌ನ ಕ್ರುಂಗ್ ಥೇಪ್ ಅಪಿವಟ್ ನಿಲ್ದಾಣದಿಂದ ರಾತ್ರಿ ರೈಲು ಹಿಡಿದು ಚಿಯಾಂಗ್ ಮಾಯ್‌ಗೆ ಹೋಗುವಾಗ ಗೆಸ್ಟ್‌ಹೌಸಿನ ಜೊತೆ ಎಲ್ಲ ಮಾತೂ ಲೈನ್‌ನಲ್ಲೇ. ಎಡವುವುದು ಇಲ್ಲಿ. ಥಾಯ್ ಆಡುಮಾತಿನಲ್ಲಿ ಸಂಜೆ ಏಳಕ್ಕೆ ಎಣಿಕೆ ಮತ್ತೆ ಒಂದರಿಂದ ಶುರು: ‘ಸಾಂಗ್ ಥುಮ್’, ಅಂದರೆ ‘ಎರಡು ಥುಮ್’, ರಾತ್ರಿ ಎಂಟು ಗಂಟೆ. ಅನುವಾದದ ಆ್ಯಪ್ ಅದನ್ನು ಎರಡು ಗಂಟೆ ಮಾಡಿಬಿಟ್ಟರೆ ಕರೆದೊಯ್ಯಲು ಬರುವ ಗಾಡಿಯವನು ಒಂದು ಕಡೆ, ನೀವೊಂದು ಕಡೆ. 20:00 ಎಂದೇ ಬರೆಯಿರಿ. ಇಸವಿಯೂ ಹಾಗೆ, ಅವರದು ಬೌದ್ಧ ಶಕೆ, ನಮ್ಮದಕ್ಕೆ 543 ಕೂಡಿಸಬೇಕು. 2026 ಅವರಿಗೆ 2569, ಚುಟುಕಾಗಿ 69. ವಿಳಾಸ ಟೈಪಿಸುವ ಬದಲು ಲೊಕೇಶನ್ ಕೇಳಿ: ಒಂದೇ ಸೋಯಿಯ, ಅಂದರೆ ಗಲ್ಲಿಯ ಹೆಸರಿಗೆ ಇಂಗ್ಲಿಷಿನಲ್ಲಿ ಮೂರು ಕಾಗುಣಿತ. ಲೈನ್‌ನಲ್ಲಿ ಬಂದ ಚಿತ್ರ, ಫೈಲುಗಳು ಕೆಲಕಾಲದ ನಂತರ ತೆರೆಯುವುದಿಲ್ಲ, ಟಿಕೆಟ್ ಇದ್ದರೆ ಬಂದ ಕೂಡಲೇ ಉಳಿಸಿಕೊಳ್ಳಿ.

ಬೆಳಗಾದರೆ ಹಿರಿಯರ ಗ್ರೂಪುಗಳಲ್ಲಿ ಹೂವಿನ ಶುಭಾಶಯ ಚಿತ್ರಗಳ ಸುರಿಮಳೆ, ನಮ್ಮ ಫ್ಯಾಮಿಲಿ ಗ್ರೂಪಿನ ಹಾಗೇ. ಆದರೆ ಅಲ್ಲಿ ಬಣ್ಣಕ್ಕೊಂದು ಪಂಚಾಂಗವಿದೆ: ಸೋಮವಾರ ಹಳದಿ, ಮಂಗಳವಾರ ಗುಲಾಬಿ, ಬುಧವಾರ ಹಸಿರು, ಗುರುವಾರ ಕಿತ್ತಳೆ, ಶುಕ್ರವಾರ ನೀಲಿ, ಶನಿವಾರ ನೇರಳೆ, ಭಾನುವಾರ ಕೆಂಪು. ಹರೆಯದವರ ಚಾಟ್‌ನಲ್ಲಿ 555 ಕಂಡರೆ ಅದು ಬಿಲ್ಲಲ್ಲ, ನಗು. ಥಾಯ್‌ನಲ್ಲಿ ಐದಕ್ಕೆ ‘ಹಾ’ ಎನ್ನುತ್ತಾರೆ.

ಆದರೆ ರಾಜಮನೆತನದ ಮೇಲಿನ ತಮಾಷೆಗೆ 555 ಒತ್ತುವುದಾಗಲಿ, ಅದನ್ನು ಹಂಚುವುದಾಗಲಿ ಬೇಡ. ದಂಡಸಂಹಿತೆಯ 112ನೇ ಕಲಮಿನಡಿ ರಾಜನಿಂದೆಗೆ 3ರಿಂದ 15 ವರ್ಷ ಜೈಲು, ಅದು ವಿದೇಶಿಯರಿಗೂ ಅನ್ವಯಿಸುತ್ತದೆ.