ಒಂದೇ ಒಂದು ‘ಹೌದು’

ಅಕ್ಟೋಬರ್ 16, 2024, ಬುಧವಾರ
ನ್ಯೂಜೆರ್ಸಿ

ಗ್ರೀನ್ ಕಾರ್ಡ್ ಇಂಟರ್‌ವ್ಯೂ ಮುಗೀತು. ಇಪ್ಪತ್ತೈದೇ ನಿಮಿಷ. ಇದಕ್ಕೋಸ್ಕರ ಹೋದ ನವೆಂಬರಿನಿಂದ ನಿದ್ದೆ ಕೆಟ್ಟಿದ್ದೆ.

ಆಗಿದ್ದು ಇಷ್ಟು. 2022ರಲ್ಲಿ ಊರಿಂದ ವಾಪಸ್ ಬಂದಾಗ ಏರ್‌ಪೋರ್ಟಿನಲ್ಲಿ ನನ್ನ ಐ-94ಕ್ಕೆ, ಅಂದರೆ ದೇಶದೊಳಗೆ ಬಂದಿದ್ದರ ದಾಖಲೆಗೆ, ಪಾಸ್‌ಪೋರ್ಟ್ ಮುಗಿಯುವ ತಾರೀಖನ್ನೇ ಹಾಕಿದ್ದರು: 2023ರ ಮೇ 14. ಎಚ್-1ಬಿ ಅನ್ನುವ ಕೆಲಸದ ವೀಸಾದ ಸ್ಟಾಂಪಿನಲ್ಲಿ 2025 ಅಂತ ಇತ್ತಲ್ಲ, ಅದನ್ನೇ ನಂಬಿಕೊಂಡೆ. ಪಾಸ್‌ಪೋರ್ಟ್ ರಿನ್ಯೂ ಮಾಡಿಸಿದೆ, ಐ-94 ಕಡೆ ತಿರುಗಿಯೂ ನೋಡಲಿಲ್ಲ. (ನೀವು ಎಚ್-1ಬಿ ಮೇಲಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಅದನ್ನು ನೋಡಿಕೊಂಡು ಬನ್ನಿ. ಈ ದೇಶದಲ್ಲಿ ಎಷ್ಟು ದಿನ ಇರಬಹುದು ಅಂತ ಹೇಳುವುದು ಅದೇ, ವೀಸಾ ಸ್ಟಾಂಪ್ ಅಲ್ಲ.)

ನವೆಂಬರಿನಲ್ಲಿ ಡ್ರೈವಿಂಗ್ ಲೈಸೆನ್ಸ್ ರಿನ್ಯೂಗೆ ಹೋದಾಗ ಕೌಂಟರಿನಾಕೆ, “ನಿಮ್ಮ ಅವಧಿ ಮೇನಲ್ಲೇ ಮುಗಿದಿದೆಯಲ್ಲ?” ಎಂದಳು. ಹಿಂದೆ ನಿಂತವರಿಗೆ ಕೇಳಿಸಿತೇನೋ ಅಂತ ಮೊದಲು ನಾಚಿಕೆಯಾಯಿತು. ಭಯ ಆಮೇಲೆ ಬಂತು.

ಫೆಬ್ರವರಿಯಲ್ಲಿ ತಿಪಟೂರಿನಲ್ಲಿ ನಮ್ಮ ಮದುವೆ ಇತ್ತು. ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿತ್ತು. ವಕೀಲರು ಬೆರಳು ಮಡಚಿ ಲೆಕ್ಕ ಹಾಕಿದರು. 180 ದಿನ ದಾಟಿದೆ, ಈಗ ದೇಶ ಬಿಟ್ಟರೆ 3 ವರ್ಷ ವಾಪಸ್ ಬರುವ ಹಾಗಿಲ್ಲ. ಒಂದು ವರ್ಷ ದಾಟಿದ್ದರೆ 10. ನನ್ನ ಪುಣ್ಯಕ್ಕೆ ಹುಡುಗ ಇಲ್ಲೇ ಹುಟ್ಟಿದ ಗುಜರಾತಿ, ಅಮೆರಿಕದ ಸಿಟಿಜನ್. ಸರಿಯಾಗಿ ವೀಸಾ ತೋರಿಸಿ ಒಳಗೆ ಬಂದವರು ಸಿಟಿಜನ್‌ನ ಮದುವೆಯಾದರೆ, ಅವಧಿ ಮೀರಿದ್ದರೂ ಇಲ್ಲಿದ್ದುಕೊಂಡೇ ಅರ್ಜಿ ಹಾಕಬಹುದು. ಅವನಿಗೆ ಬರೀ ಗ್ರೀನ್ ಕಾರ್ಡ್ ಇದ್ದಿದ್ದರೆ ಈ ದಾರಿ ಇರುತ್ತಿರಲಿಲ್ಲ.

28 ಡಾಲರ್ ಕೊಟ್ಟು ಮದುವೆ ಲೈಸೆನ್ಸ್ ತಗೊಂಡು, 72 ಗಂಟೆ ಕಾದು, ಡಿಸೆಂಬರಿನಲ್ಲಿ ಟೌನ್ ಆಫೀಸಿನಲ್ಲಿ ಮೇಯರ್ ಮುಂದೆ ಮದುವೆಯಾದೆವು. ಅಮ್ಮನಿಗೆ “ರಜೆ ಸಿಗ್ತಿಲ್ಲ” ಅಂದೆ. ಛತ್ರದ ಅಡ್ವಾನ್ಸ್ ವಾಪಸ್ ಬರಲಿಲ್ಲ. ಜನವರಿಯಲ್ಲಿ ಅರ್ಜಿ ಹಾಕಿದೆವು, ಎರಡು ಫಾರ್ಮಿಗೆ 535 ಮತ್ತು 1225 ಡಾಲರ್. ಏಪ್ರಿಲ್ 1ರಿಂದ ಫೀಸು ಏರಿತು. ಅಷ್ಟರಮಟ್ಟಿಗೆ ಜಾಣರು ನಾವು.

ಇವತ್ತು ಜಾಯಿಂಟ್ ಅಕೌಂಟು, ಬಾಡಿಗೆ ಕರಾರು, ಫೋಟೋ ಆಲ್ಬಂ ಎಲ್ಲ ಹೊತ್ತುಕೊಂಡು ಹೋಗಿದ್ದೆವು. ಅಧಿಕಾರಿ ಆಲ್ಬಂನಲ್ಲಿ ಒಂದೇ ಫೋಟೋ ಹತ್ತಿರ ನಿಂತರು. ಅದರಲ್ಲಿ ಇವನು ಫೋನ್ ಎತ್ತಿ ಹಿಡಿದಿದ್ದಾನೆ. ಸ್ಕ್ರೀನಿನೊಳಗೆ ಅಮ್ಮ ರೇಷ್ಮೆ ಸೀರೆ ಉಟ್ಟು, ಅಡುಗೆಮನೆಯಲ್ಲಿ ನಿಂತು, ಕ್ಯಾಮೆರಾಗೇ ಅಕ್ಷತೆ ಹಾಕುತ್ತಿದ್ದಾಳೆ. “ಇವರ್ಯಾರು?” ಎಂದರು. “ನಮ್ಮಮ್ಮ” ಅನ್ನುವಷ್ಟರಲ್ಲಿ ಗಂಟಲು ಕಟ್ಟಿತು.

ಆಮೇಲೆ ಫಾರ್ಮಿನ ಪ್ರಶ್ನೆಗಳು. ಕಮ್ಯುನಿಸ್ಟ್ ಪಕ್ಷದಲ್ಲಿ ಇದ್ದಿರಾ? ಇಲ್ಲ. ನರಮೇಧದಲ್ಲಿ ಭಾಗವಹಿಸಿದ್ದೀರಾ? ಇಲ್ಲ. ‘ಇಲ್ಲ ಇಲ್ಲ’ ಅಂತ ಬಾಯಿ ತಾನಾಗೇ ಓಡುತ್ತಿತ್ತು. ವೀಸಾದ ನಿಯಮ ಮೀರಿದ್ದೀರಾ? ಅಲ್ಲೊಂದು ಸಲ ನಿಂತೆ. “ಮೀರಿದ್ದು ತೊಂದರೆಯಲ್ಲ, ಮುಚ್ಚಿಟ್ಟರೆ ತೊಂದರೆ” ಅಂತ ವಕೀಲರು ಹತ್ತು ಸಲ ಹೇಳಿದ್ದರು. “ಹೌದು” ಎಂದೆ. ಅಧಿಕಾರಿ ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿ ಮುಂದಿನದಕ್ಕೆ ಹೋದರು. ತಲೆಯೂ ಎತ್ತಲಿಲ್ಲ.

ಉತ್ತರ ಅಂಚೆಯಲ್ಲಿ ಬರುತ್ತದಂತೆ. ಕೊಟ್ಟರೂ ಮೊದಲು 2 ವರ್ಷದ ಕಾರ್ಡೇ.

ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಆರೂವರೆ, ಹಾಲು ಕಾಯಿಸುತ್ತಿದ್ದಳು. “ಅಮ್ಮಾ, ರಜೆ ವಿಷಯ ಸುಳ್ಳು” ಅಂತ ಶುರು ಮಾಡಿ ಎಲ್ಲ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತಿಲ್ಲ.

“ಇಷ್ಟೇನಾ? ಅವರ ಮನೇವರಿಗೆ ನಮ್ಮೂರಲ್ಲಿ ಮದುವೆ ಮಾಡೋದು ಇಷ್ಟ ಇಲ್ಲ ಅಂದ್ಕೊಂಡಿದ್ದೆ ಕಣೇ. ಆ ಹುಡುಗನ ಹತ್ರ ಸರಿಯಾಗಿ ಮಾತೂ ಆಡಿಲ್ಲ ನಾನು. ಕೊಡು ಅವನಿಗೆ ಫೋನು.”

ಕೊಟ್ಟೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಇವನಿಗೆ ಬರುವ ಕನ್ನಡ ಒಂದೇ ವಾಕ್ಯ.

“ಅಮ್ಮಾ, ಊಟ ಆಯ್ತಾ?”

“ಹೂಂ ಕಣಪ್ಪಾ, ಆಯ್ತು” ಎಂದಳು ಅಮ್ಮ, ಬೆಳಿಗ್ಗೆ ಆರೂವರೆಗೆ.